ಕೃಪೆ: ಅಂತರ್ಜಾಲ

"ಕೃಪೆ: ಅಂತರ್ಜಾಲ" ಎಂಬ ಮಾತು ಈಗ ಕನ್ನಡದಲ್ಲಿ ಬಹುವಾಗಿ ಬಳಕೆಗೆ ಬಂದಿದೆ. ಚಿತ್ರದ ಕೆಳಗೆ, ಕವನದ ಕೆಳಗೆ, ಛಾಯಾಚಿತ್ರದ ಕೆಳಗೆ ಅದು ತಪ್ಪದೆ ಕುಳಿತಿರುತ್ತದೆ. ಕೆಲವರು ಅಷ್ಟು ಶ್ರಮವನ್ನೂ ವಹಿಸದೆ "ಸಂಗ್ರಹ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಂತರ್ಜಾಲವು ಚಿತ್ರ ಬರೆಯುವುದಿಲ್ಲ, ಕವನ ಕಟ್ಟುವುದಿಲ್ಲ. ಅದು ಬರಿಯ ದಾರಿ. ದಾರಿಯಲ್ಲಿ ಸಿಕ್ಕ ಒಡವೆಗೆ "ಕೃಪೆ: ರಸ್ತೆ" ಎಂದು ಚೀಟಿ ಅಂಟಿಸಿ ಕೊರಳಿಗೆ ಹಾಕಿಕೊಂಡವನನ್ನು ನಾವು ಏನೆಂದು ಕರೆಯುತ್ತೇವೆ? ಆ ಹೆಸರನ್ನು ಇಲ್ಲಿ ಮಾತ್ರ ಬಳಸಲು ಸಂಕೋಚವೇಕೆ?

ಹೀಗೆ ಮಾಡುವವರು ಕಲೆಯ ಶತ್ರುಗಳಲ್ಲವೆಂಬುದೇ ಸೋಜಿಗ. ಅವರು ವಿದ್ಯಾವಂತರು, ರಸಿಕರು, ಭಾಷಾಭಿಮಾನಿಗಳು. ನವೆಂಬರ್ ಬಂತೆಂದರೆ ಸಂಘದವರು ಶಾಮಿಯಾನಕ್ಕೆ ಹಣ ಕೊಡುತ್ತಾರೆ, ಧ್ವನಿವರ್ಧಕಕ್ಕೆ ಕೊಡುತ್ತಾರೆ, ಅಡಿಗೆಯವರಿಗೆ ಮುಂಗಡ ಕೊಡುತ್ತಾರೆ. ಆಹ್ವಾನಪತ್ರಿಕೆಯ ಮೇಲಿನ ಭುವನೇಶ್ವರಿಯ ಚಿತ್ರವನ್ನು ಮಾತ್ರ ಮೊಬೈಲಿನಿಂದ ಎತ್ತಿಕೊಳ್ಳುತ್ತಾರೆ. ಮೂಲೆಯಲ್ಲಿದ್ದ ಸಹಿ ಅಂದಕ್ಕೆ ಅಡ್ಡಿಯೆಂದು ಕತ್ತರಿಸಿ, ಆ ಜಾಗದಲ್ಲಿ ಅಧ್ಯಕ್ಷರ ಭಾವಚಿತ್ರವನ್ನು ಕೂರಿಸುತ್ತಾರೆ. ತಾಯಿಯನ್ನು ಚಿತ್ರಿಸಿದವನಿಗೆ ಕಾಸೂ ಇಲ್ಲ, ಹೆಸರೂ ಇಲ್ಲ. ಕನ್ನಡದ ಸೇವೆ ಮಾತ್ರ ಸಾಂಗವಾಗಿ ನೆರವೇರಿತು!

ಪ್ರಶ್ನಿಸಿದರೆ ಇವರಲ್ಲಿ ಮೂರು ಸಮಾಧಾನಗಳು ಸಿದ್ಧವಾಗಿವೆ. ಮೊದಲನೆಯದು: "ನಮ್ಮ ಪರಂಪರೆಯಲ್ಲಿ ಕಲೆಗೆ ಒಡೆತನವೆಂಬುದಿಲ್ಲ, ಇದೆಲ್ಲ ಪಶ್ಚಿಮದ ವ್ಯಾಪಾರ." ಪರಂಪರೆಯ ಹೆಸರೆತ್ತುವವರು ಅದನ್ನು ತುಸು ಓದಬೇಕಾಗಿತ್ತು. ವಚನಗಳೂ ಕೀರ್ತನೆಗಳೂ ಬಾಯಿಂದ ಬಾಯಿಗೆ ಹರಿದು ಬಂದವು. ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ನಿಜ. ಆದರೆ ಬಸವಣ್ಣನವರ ವಚನ ಕೂಡಲಸಂಗಮದೇವನೊಡನೆಯೇ ಬಂತು. ಅಕ್ಕನದು ಚೆನ್ನಮಲ್ಲಿಕಾರ್ಜುನನೊಡನೆ, ದಾಸರದು ಪುರಂದರವಿಠಲನೊಡನೆ. ಅಂಕಿತವು ಕೃತಿಯ ಒಡಲಲ್ಲೇ ಹೆಣೆದುಕೊಂಡಿತ್ತು. ಹಾಡಿದವನು ಅದನ್ನು ಕತ್ತರಿಸಿ "ಸಂಗ್ರಹ" ಎಂದು ಮುಗಿಸಲಿಲ್ಲ. ಕಲ್ಲಿನ ಸಾಕ್ಷಿ ಬೇಕಾದರೆ ಬೇಲೂರಿಗೆ ಹೋಗಿ ಬಳ್ಳಿಗಾವೆಯ ದಾಸೋಜನ ಹೆಸರನ್ನು ನೋಡಿ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರನ್ನು ನೋಡಿ. ದೇವರ ವಿಗ್ರಹದ ಬುಡದಲ್ಲಿ ತನ್ನ ಹೆಸರನ್ನು ಕೊರೆಯಲು ಆ ಶಿಲ್ಪಿಗಳು ನಾಚಲಿಲ್ಲ, ಅರಸರೂ ಅಳಿಸಲಿಲ್ಲ. ಹಂಚಿಕೊಳ್ಳುವುದು ನಮ್ಮ ಪರಂಪರೆ ಹೌದು, ಹೆಸರಳಿಸುವುದು ಅಲ್ಲ.

ಎರಡನೆಯ ಸಮಾಧಾನ: "ನಾವು ಹಂಚಿದ್ದರಿಂದ ಕಲಾವಿದನಿಗೆ ಪ್ರಚಾರ ದೊರೆಯಿತು." ಹೆಸರಿಲ್ಲದ ಚಿತ್ರ ಹತ್ತು ಸಾವಿರ ಮಂದಿಯ ಕಣ್ಣಿಗೆ ಬಿದ್ದರೆ ಪ್ರಚಾರವಾದದ್ದು ಯಾರಿಗೆ? ಅದನ್ನು ಮೆಚ್ಚಿ ಒಂದು ಮುಖಪುಟ ಬರೆಸೋಣವೆಂದುಕೊಂಡ ಪ್ರಕಾಶಕ ಯಾರನ್ನು ಹುಡುಕಿಕೊಂಡು ಹೋಗಬೇಕು? ಅಂತರ್ಜಾಲವನ್ನೇ? ಸಹಿಯೊಡನೆ ಕತ್ತರಿಸಿಹೋದದ್ದು ಬರಿಯ ಅಕ್ಷರಗಳಲ್ಲ, ಮುಂದಿನ ಕೆಲಸ; ಎಂದರೆ ಮುಂದಿನ ತಿಂಗಳ ಮನೆಬಾಡಿಗೆ.

ಮೂರನೆಯದು: "ಅವನೇ ಫೇಸ್‌ಬುಕ್ಕಿನಲ್ಲಿ ಹಾಕಿದ್ದಾನೆ, ಎಲ್ಲರಿಗೂ ಬಿಟ್ಟುಕೊಟ್ಟಂತೆಯೇ ಅಲ್ಲವೆ?" ಅಲ್ಲ. ಅಂಗಳದಲ್ಲಿ ಬಿಡಿಸಿದ ರಂಗೋಲಿಯನ್ನು ಎಲ್ಲರೂ ನೋಡಬಹುದು. ಅಷ್ಟರಿಂದ ಅಂಗಳ ನೋಡಿದವರದಾಗದು. ಭಾರತದ ಕೃತಿಸ್ವಾಮ್ಯ ಶಾಸನ 1957ರದು. ಅದರ ಪ್ರಕಾರ ಕೃತಿ ರೂಪುಗೊಂಡೊಡನೆ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಕರ್ತೃವಿನ ಜೀವಮಾನವೂ, ಅವನು ತೀರಿಕೊಂಡ ಮೇಲೆ 60 ವರ್ಷವೂ ಅದು ಉಳಿಯುತ್ತದೆ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರ ಚಿತ್ರಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ನಿನ್ನೆ ಬರೆದದ್ದನ್ನು ಹಾಗಲ್ಲ. ವಿಮರ್ಶೆಗೆ, ಸ್ವಂತ ಅಭ್ಯಾಸಕ್ಕೆ ಶಾಸನ ವಿನಾಯಿತಿ ಕೊಟ್ಟಿದೆ, ಆಹ್ವಾನಪತ್ರಿಕೆಗೆ ಕೊಟ್ಟಿಲ್ಲ.

ಅದೇ ಶಾಸನದ 57ನೆಯ ಕಲಮಿನಂತೆ, ಹಕ್ಕನ್ನು ಪೂರ್ತಿ ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸದಂತೆ ತಡೆಯುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ಲರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಹಾಳುಗೆಡವಲಾಯಿತು. ಅವರು ಸರ್ಕಾರದ ಮೇಲೆಯೇ ವ್ಯಾಜ್ಯ ಹೂಡಿದರು. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಉಳಿದ ಭಾಗಗಳನ್ನು ಹಿಂದಿರುಗಿಸಬೇಕೆಂದೂ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತೀರ್ಪಿತ್ತಿತು. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿದೆ: ಕೃತಿಯೊಡನಿರುವ ಕರ್ತೃವಿನ ಹೆಸರು ಮುಂತಾದ ಹಕ್ಕಿನ ವಿವರಗಳನ್ನು ತಿಳಿದೂ ತಿಳಿದೂ ಅನಧಿಕೃತವಾಗಿ ತೆಗೆದುಹಾಕಿದರೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ.

ಆದರೆ ಸೆಹಗಲ್ಲರಂತೆ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿ ಎಷ್ಟು ಮಂದಿ ಕಲಾವಿದರಿಗಿದೆ? ಅವರಿಗಿಲ್ಲವೆಂಬುದು ನಮಗೆ ಗೊತ್ತು. ನಮ್ಮ ಧೈರ್ಯದ ಗುಟ್ಟೂ ಅದೇ. ಅದಕ್ಕಾಗಿಯೇ ಇದು ಶಾಸನಕ್ಕಿಂತ ಮೊದಲು ಮರ್ಯಾದೆಯ ಮಾತು. ಮೆಚ್ಚಿದ ಚಿತ್ರವನ್ನು ಕಲಾವಿದನ ಪುಟದಿಂದಲೇ, ಸಹಿ ಸಮೇತ ಹಂಚಿ. ಯಾರದೆಂದು ತಿಳಿಯದಿದ್ದರೆ ಹುಡುಕಿ. ಸಿಗದಿದ್ದರೆ ಬಿಟ್ಟುಬಿಡಿ, ಲೋಕವೇನೂ ಮುಳುಗದು. ಅಚ್ಚಿಗೆ ಬೇಕಾದರೆ ಮುಂಚೆಯೇ ಕೇಳಿ, ಅಡಿಗೆಯವರಿಗೆ ಕೊಡುವಂತೆ ಅವನಿಗೂ ಸಂಭಾವನೆ ಕೊಡಿ. ಇಷ್ಟೂ ಆಗದೆಂಬ ಸಂಘಗಳು ಮುಂದಿನ ರಾಜ್ಯೋತ್ಸವದ ಆಹ್ವಾನಪತ್ರಿಕೆಯನ್ನು ಬರಿಯ ಬಿಳಿಯ ಹಾಳೆಯ ಮೇಲೆ ಅಚ್ಚು ಹಾಕಿಸಲಿ. ಕದ್ದ ಭುವನೇಶ್ವರಿಗಿಂತ ಖಾಲಿ ಹಾಳೆ ಹೆಚ್ಚು ಪವಿತ್ರ.