ಹುಳ ಹೋಗಲಿ, ಕೊಟ್ಟಿಗೆ ಇರಲಿ

ಕಳೆದ ಆಗಸ್ಟಿನಲ್ಲಿ ಜಂತುಹುಳದ ಗುಳಿಗೆ ಕೊಡುವ ದಿನ ನಮ್ಮ ನೆರೆಮನೆಯ ವೈನಿ ಮಗಳನ್ನು ಶಾಲೆಗೇ ಕಳಿಸಲಿಲ್ಲ. ಯಾಕೆ ಅಂತ ಕೇಳಿದೆ. "ಹೊಟ್ಟೆಯಲ್ಲಿ ಹುಳ ಇದ್ರೆ ದಮ್ಮು, ಅಲರ್ಜಿ ಬರೂದಿಲ್ಲಂತೆ ಭಾವಜಿ. ಪ್ಯಾಟೆ ಮಕ್ಕಳಿಗೆ ಹುಳ ಇಲ್ಲ, ಅದ್ಕೇ ಅವ್ರು ಯಾವಾಗ್ಲೂ ಸೀನೂದು. ಪ್ಯಾಟೆಯಿಂದ ಬಂದ ನೆಂಟರೇ ಹೇಳಿದ್ರು" ಅಂದರು.

ಆ ಹುಡುಗಿಯ ಕಣ್ಣಿನ ಕೆಳರೆಪ್ಪೆ ಬಿಳಿಚಿದೆ. ಸಣ್ಣ ದಿಬ್ಬ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾಳೆ. ಹಾಗಾಗಿ ನೆಂಟರ ಮಾತನ್ನು ಸುಮ್ಮನೆ ಬಿಡಲು ನನಗೆ ಮನಸ್ಸಾಗಲಿಲ್ಲ. ಮೊದಲೇ ಹೇಳುತ್ತೇನೆ, ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರಿಂದ ಗುಳಿಗೆ ಬೇಡ ಅನ್ನುವ ತೀರ್ಮಾನಕ್ಕೆ ಬರುವುದು ದೊಡ್ಡ ತಪ್ಪು.

ಒಂದೇ ಆಯುಧ, ಎರಡು ಗುರಿ

ರೋಗಾಣು ಸಣ್ಣದು. ರಕ್ತದ ಬಿಳಿಕಣ ಅದನ್ನು ನುಂಗಿಬಿಡ್ತದೆ. ಜಂತುಹುಳವನ್ನು ನುಂಗಲು ಆಗುವುದಿಲ್ಲ. ಅದಕ್ಕಾಗಿ ದೇಹದಲ್ಲಿ ಬೇರೆಯದೇ ಏರ್ಪಾಡು ಉಂಟು. 'ಐಜಿಇ' ಎಂಬ ಪ್ರತಿಕಾಯ ಹುಳದ ಗುರುತು ಹಿಡಿಯುತ್ತದೆ. 1966ರಲ್ಲಿ ಜಪಾನಿನ ಇಶಿಝಾಕ ದಂಪತಿ ಅಮೆರಿಕದಲ್ಲಿ ಇದನ್ನು ಕಂಡುಹಿಡಿದರು. ಐಜಿಇ ಸೂಚನೆ ಕೊಟ್ಟೊಡನೆ ಕೆಲವು ಕಣಗಳು ಒಡೆದು ಹಿಸ್ಟಮಿನ್ ಎಂಬ ವಸ್ತುವನ್ನು ಚೆಲ್ಲುತ್ತವೆ. ಆಗ ಕರುಳು ಲೋಳೆ ಸುರಿಸಿ, ಹಿಂಡಿ, ಹುಳವನ್ನು ಹೊರದೂಡಲು ನೋಡುತ್ತದೆ. ಈಸಿನೋಫಿಲ್ ಎಂಬ ಬಿಳಿಕಣಗಳು ಹುಳವನ್ನು ಮುತ್ತಿ ವಿಷ ಸುರಿಯುತ್ತವೆ.

ಇದೇ ಆಯುಧ ಮನೆಯ ಧೂಳಿಗೋ ಹೂವಿನ ಪರಾಗಕ್ಕೋ ಸಿಡಿದರೆ ಅದೇ ಅಲರ್ಜಿ. ಮೂಗಿನಲ್ಲಾದರೆ ಸೀನು, ಚರ್ಮದಲ್ಲಾದರೆ ದದ್ದು, ಶ್ವಾಸನಾಳದಲ್ಲಾದರೆ ದಮ್ಮು. ಹಂದಿ ಓಡಿಸಲು ಇಟ್ಟ ಗರ್ನಾಲು ಬೆಕ್ಕು ಬಂದಾಗ ಸಿಡಿದ ಹಾಗೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ 'ಈಸಿನೋಫಿಲ್' ಎಂಬ ಸಾಲು ನೀವೂ ನೋಡಿರ್ತೀರಿ. ಹುಳ ಇದ್ದರೂ ಅದು ಏರ್ತದೆ, ಅಲರ್ಜಿ ಇದ್ದರೂ ಏರ್ತದೆ.

ಹುಳವೂ ಕಡಿಮೆಯದಲ್ಲ. ವರ್ಷಗಟ್ಟಲೆ ಒಳಗೆ ಬದುಕಬೇಕಲ್ಲ! ಅದಕ್ಕೆ ದೇಹದ ಸಿಟ್ಟನ್ನು ತಣಿಸುವ ವಸ್ತುಗಳನ್ನು ಬಿಡುತ್ತದೆ. ಆಗ ಅಲರ್ಜಿಯ ಸಿಟ್ಟೂ ಒಂದಿಷ್ಟು ತಣಿಯಬಹುದು. ನೆಂಟರ ಮಾತಿನಲ್ಲಿ ನಿಜ ಇರುವುದು ಇಷ್ಟೇ.

ಹಾಗಾದರೆ ಹುಳ ಸಾಕೋಣವೇ?

ಇಂಗ್ಲೆಂಡಿನಲ್ಲಿ ದಮ್ಮಿನ ರೋಗಿಗಳಿಗೆ ಬೇಕೆಂದೇ ಕೊಕ್ಕೆಹುಳದ ಮರಿ ಹತ್ತಿಸಿ ನೋಡಿದ್ದಾರೆ. ಸ್ಪಷ್ಟ ಗುಣ ಕಾಣಲಿಲ್ಲ ಅಂತ 2010ರಲ್ಲಿ ಫಲಿತಾಂಶ ಬಂತು. ಹುಳ ಎಲ್ಲ ಒಂದೇ ರೀತಿಯೂ ಅಲ್ಲ. ಹಲವು ದೇಶಗಳ ಅಧ್ಯಯನಗಳನ್ನು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಕೊಕ್ಕೆಹುಳ ಇದ್ದವರಲ್ಲಿ ದಮ್ಮು ಕಡಿಮೆ ಇತ್ತು, ದುಂಡುಹುಳ ಇದ್ದವರಲ್ಲಿ ಹೆಚ್ಚೇ ಇತ್ತು. ಮಗುವಿನ ಹೊಟ್ಟೆಯಲ್ಲಿ ಯಾವುದಿದೆ ಅಂತ ಯಾವ ತಾಯಿಗೆ ಗೊತ್ತು?

ಇನ್ನು ಖರ್ಚಿನ ಲೆಕ್ಕ. ಒಂದು ಕೊಕ್ಕೆಹುಳ ಜಾತಿಗೆ ತಕ್ಕಂತೆ ದಿನಕ್ಕೆ 0.03 ಮಿ.ಲೀ.ನಿಂದ ಅದರ ಸುಮಾರು ಐದು ಪಟ್ಟು ರಕ್ತ ಕಳೆಯುತ್ತದೆ. ನೂರು ಹುಳ ಇದ್ದರೆ ದಿನಕ್ಕೆ 3ರಿಂದ 15 ಮಿ.ಲೀ. ಬೆಳೆಯುವ ಹುಡುಗಿಗೆ, ಬಸುರಿಗೆ ಇದು ಸಣ್ಣ ನಷ್ಟವಲ್ಲ. ಕರುವಿನ ಹೊಟ್ಟೆ ಉಬ್ಬಿ ಕೂದಲು ಒರಟಾದರೆ ನಾವು ತಡ ಮಾಡದೆ ಹುಳದ ಔಷಧಿ ಕುಡಿಸ್ತೇವೆ. ಕರುವಿಗೊಂದು ನ್ಯಾಯ, ಮಗಳಿಗೊಂದು ನ್ಯಾಯವೇ?

ಫೆಬ್ರುವರಿ ಮತ್ತು ಆಗಸ್ಟಿನಲ್ಲಿ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಗುಳಿಗೆ ಪುಕ್ಕಟೆ ಕೊಡುತ್ತಾರೆ. 400 ಮಿ.ಗ್ರಾಂನ ಒಂದು ಗುಳಿಗೆ. 2 ವರ್ಷದೊಳಗಿನವರಿಗೆ ಅರ್ಧ. ಜ್ವರ, ಕಾಯಿಲೆ ಇದ್ದ ದಿನ ಬೇಡ, ಗುಣವಾದ ಮೇಲೆ ಕೇಳಿ ಕೊಡಿಸಿ. ಹುಳ ಜಾಸ್ತಿ ಇದ್ದವರಿಗೆ ತುಸು ಹೊಟ್ಟೆ ತೊಳೆಸಬಹುದು, ಹೆದರಬೇಕಿಲ್ಲ.

ಸಗಣಿಯ ತಪ್ಪಲ್ಲ

ಗುಳಿಗೆ ಒಂದರಿಂದಲೇ ಮುಗಿಯುವುದಿಲ್ಲ. ಕೊಕ್ಕೆಹುಳದ ಮೊಟ್ಟೆ ಹೊರಬರುವುದು ಮನುಷ್ಯರ ಮಲದಲ್ಲಿ. ನೆರಳಿನ ಒದ್ದೆ ಮಣ್ಣಿನಲ್ಲಿ ಅದು ಒಡೆದು, ಐದರಿಂದ ಹತ್ತು ದಿನದಲ್ಲಿ ಮರಿ ಬರಿಗಾಲಿನ ಚರ್ಮ ತೂರಲು ತಯಾರಾಗುತ್ತದೆ. ನಮ್ಮ ಕುಂಬಾರವಾಡದ ಕಡೆ ಮಳೆಗಾಲದಲ್ಲಿ ನೆಲ ಒಣಗುವುದೇ ಇಲ್ಲ. ಮನೆ ಹಿಂದಿನ ಬಿದಿರು ಮೆಳೆಯ ಬುಡಕ್ಕೆ ಹೋಗುವವರು ಇನ್ನೂ ಇದ್ದರೆ, ಗುಳಿಗೆ ತಿಂದವರಿಗೂ ಕೆಲವು ತಿಂಗಳಲ್ಲಿ ಹುಳ ವಾಪಸ್ಸು. ಪಾಯಖಾನೆ ಬಳಸುವುದು, ಹಿತ್ತಲಿಗೆ ಹೋಗುವಾಗ ಚಪ್ಪಲಿ ಮೆಟ್ಟುವುದು, ಗಡ್ಡೆ ಕಿತ್ತ ಕೈಯನ್ನು ಸಾಬೂನಿನಿಂದ ತೊಳೆದು ಉಣ್ಣುವುದು, ಈ ಮೂರನ್ನು ಬಿಟ್ಟರೆ ದಾರಿ ಇಲ್ಲ.

ಅಲರ್ಜಿಗೆ ಹೆದರುವವರು ನೋಡಬೇಕಾದದ್ದು ಹುಳವನ್ನಲ್ಲ, ಕೊಟ್ಟಿಗೆಯನ್ನು. ಅಮೆರಿಕದಲ್ಲಿ ಆಮಿಶ್, ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿವೆ. ಮೂಲ ಯುರೋಪೇ, ಊಟ ಉಪಚಾರವೂ ಹತ್ತಿರ ಹತ್ತಿರ. ಆಮಿಶರದು ಕುದುರೆ ಕಟ್ಟಿ ಉಳುವ ಬೇಸಾಯ, ಮನೆಗೆ ತಾಗಿದ ಕೊಟ್ಟಿಗೆ. ಹಟರೈಟರದು ದೊಡ್ಡ ಯಂತ್ರಗಳ ಬೇಸಾಯ. ಮಕ್ಕಳಲ್ಲಿ ದಮ್ಮು ಆಮಿಶರಲ್ಲಿ ನೂರಕ್ಕೆ 5, ಹಟರೈಟರಲ್ಲಿ 21. ಆಮಿಶರ ಮನೆಯ ಧೂಳನ್ನು ಇಲಿಗಳಿಗೆ ಕೊಟ್ಟಾಗ ಅವಕ್ಕೂ ರಕ್ಷಣೆ ಸಿಕ್ಕಿತು ಅಂತ 2016ರಲ್ಲಿ ಪ್ರಕಟವಾಯಿತು. ಅದು ದನ ಕುದುರೆಗಳ ಸುತ್ತಲಿನ ಸೂಕ್ಷ್ಮಜೀವಿಗಳ ಉಪಕಾರ. ಅದಕ್ಕೆ ರಕ್ತ ಕೊಡಬೇಕಾಗಿಲ್ಲ.

ಹಾಗಂತ ಬೂಷ್ಟು ಹಿಡಿದ ಹುಲ್ಲಿನ ಧೂಳು ಒಳ್ಳೆಯದಲ್ಲ, ಅದನ್ನು ಕೊಡವುವಾಗ ಮೂಗಿಗೆ ಬಟ್ಟೆ ಬೇಕು. ಈಗಾಗಲೇ ದಮ್ಮು ಇರುವ ಮಗುವನ್ನು ಡಾಕ್ಟರಿಗೆ ತೋರಿಸಿಯೇ ಮುಂದಿನ ಮಾತು.

ಈ ಫೆಬ್ರುವರಿಯಲ್ಲಿ ವೈನಿ ಮಗಳನ್ನು ಶಾಲೆಗೆ ಕಳಿಸಿದರು, ಗುಳಿಗೆಯೂ ಆಯಿತು. ಆದರೆ ಈಗ, ಹುಳ ಹತ್ತುತ್ತದೆ ಅಂತ ಅವಳನ್ನು ಕೊಟ್ಟಿಗೆಗೇ ಬಿಡುವುದಿಲ್ಲ! ನಾಳೆ ಹಾಲಿಗೆ ಹೋದಾಗ ಅದನ್ನೂ ಮಾತಾಡಬೇಕು.