ಗಂಜಿ ಬಟ್ಟೆಗೊಂದು ನಂಬರ್, ರೆಕ್ಸಿನ್‌ಗೊಂದು ನಂಬರ್

ಮನೇಲಿರೋ ಹಳೇ ನಿಘಂಟೊಂದನ್ನ ಕೈಗೆತ್ತಿಕೊಳ್ಳಿ. ರಟ್ಟಿನ ಮೇಲೆ ಅಂಟಿಸಿದ ಬಟ್ಟೆ ಇದೆಯಲ್ಲ, ಅದನ್ನ ವಿದೇಶದಿಂದ ತರಿಸಿದ್ರೆ ಕಸ್ಟಮ್ಸ್‌ನವರು ಏನಂತ ಕರೀತಾರೆ ಗೊತ್ತಾ? ಪುಸ್ತಕದ ಬಟ್ಟೆ ಅಂತೀರಾ? ಅಷ್ಟು ಸುಲಭ ಇದ್ದಿದ್ರೆ ನಾನು ಇದನ್ನ ಬರೀತಾನೇ ಇರ್ಲಿಲ್ಲ :)

ಸರಕುಗಳಿಗೆ ಜಗತ್ತಿನ ಬಹುತೇಕ ದೇಶಗಳು ಒಂದೇ ನಂಬರಿಂಗ್ ಬಳಸುತ್ತವೆ. ಹಾರ್ಮೊನೈಸ್ಡ್ ಸಿಸ್ಟಮ್ ಅಂತ, 1988ರಿಂದ ಜಾರಿಯಲ್ಲಿದೆ. ಮೊದಲ ಆರು ಅಂಕಿ ಎಲ್ಲರಿಗೂ ಒಂದೇ, ಕೊನೆಯ ಎರಡು ನಮ್ಮದು. ಅದರಲ್ಲಿ 5901 ಅನ್ನೋ ಶೀರ್ಷಿಕೆ ಪುಸ್ತಕದ ಹೊರಹೊದಿಕೆಗೆ ಬಳಸೋ ಬಟ್ಟೆ ಅಂತ ಹೆಸರು ಹಿಡಿದೇ ಹೇಳುತ್ತೆ. ಆದ್ರೆ ಲೇಪನ ಗೋಂದಿನದ್ದೋ ಗಂಜಿಯದ್ದೋ ಆಗಿರಬೇಕು! ಅಕ್ರಿಲಿಕ್, ಪಿವಿಸಿ ಬಳಿದಿದ್ರೆ ಅದು ಪ್ಲಾಸ್ಟಿಕ್ ಲೇಪಿತ ಬಟ್ಟೆ, 5903. ಇಡೀ ರೋಲು ಬೈಂಡಿಂಗ್ ಅಂಗಡಿಗೇ ಹೋದ್ರೂ ಅಷ್ಟೆ.

ಇನ್ನೂ ಮಜಾ ಇದೆ. 5903ಕ್ಕೆ ಸೇರಬೇಕಾದ್ರೆ ಲೇಪನ ಬರಿಗಣ್ಣಿಗೆ ಕಾಣಬೇಕು. ಬಣ್ಣ ಬದಲಾಗಿರೋದು ಲೆಕ್ಕಕ್ಕಿಲ್ಲ. ಕಾಣದಿದ್ರೆ ಅದು ಸಾಮಾನ್ಯವಾಗಿ ಬರೀ ಬಟ್ಟೆ, ಹತ್ತಿಯದಾದ್ರೆ 52ನೇ ಅಧ್ಯಾಯ. ಎರಡೂ ಕಡೆ ಪ್ಲಾಸ್ಟಿಕ್ ಬಳಿದು ಅದು ಕಣ್ಣಿಗೆ ಕಂಡ್ರೆ ಬಟ್ಟೆಯೇ ಅಲ್ಲ, ಪ್ಲಾಸ್ಟಿಕ್ಕು, 39ನೇ ಅಧ್ಯಾಯ. 15ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, 7 ಮಿಲಿಮೀಟರ್ ದಪ್ಪದ ಕೋಲಿಗೆ (ಹೆಚ್ಚೂಕಮ್ಮಿ ಒಂದು ಪೆನ್ಸಿಲ್) ಕೈಯಲ್ಲಿ ಸುತ್ತಿದಾಗ ಮುರಿದ್ರೂ ಸಾಮಾನ್ಯವಾಗಿ ಅಲ್ಲಿಗೇ. ಪೆನ್ಸಿಲ್ ಪರೀಕ್ಷೆ ನಂಗೆ ಇಷ್ಟವಾಯ್ತು, ಯಾರು ಮಾಡಿದ್ರೂ ಒಂದೇ ಉತ್ತರ. ಆದ್ರೆ ಬರಿಗಣ್ಣು ಯಾರದ್ದು ಸ್ವಾಮಿ? ತರಿಸುವವನದ್ದೋ, ಅಧಿಕಾರಿಯದ್ದೋ? ಇಂಥಾ ಇಫ್-ಎಲ್ಸ್ ನಾನು ಬರೆದ್ರೆ ಕೋಡ್ ರಿವ್ಯೂನಲ್ಲೇ ವಾಪಸ್ ಬರುತ್ತೆ.

2011ರಿಂದ ಸುಂಕದ ಲೆಕ್ಕ ತರಿಸುವವನೇ ಹಾಕಬೇಕು. ತಪ್ಪಿದ್ರೆ ಬಾಕಿ, ಬಡ್ಡಿ. ಬೇಕಂತ್ಲೇ ಮಾಡಿದ್ದು ಅಂತಾದ್ರೆ ದಂಡ ಬೇರೆ. ದೊಡ್ಡ ಮುದ್ರಣಾಲಯಕ್ಕೆ ಇದನ್ನೆಲ್ಲ ನೋಡ್ಕೊಳ್ಳೋಕೆ ಜನ ಇರ್ತಾರೆ. ಐನೂರು ಪ್ರತಿ ಹಾಕಿಸೋ ಕನ್ನಡ ಪ್ರಕಾಶಕ ಇಂಥಾ ಬಟ್ಟೆಯನ್ನ ವ್ಯಾಪಾರಿ ಹೇಳಿದ ರೇಟಿಗೆ ಕೊಳ್ತಾನೆ, ಆ ರೇಟಿನೊಳಗೆ ಈ ಗೊಂದಲದ ಬೆಲೆಯೂ ಸೇರಿರುತ್ತೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅಂತ ನಾವು ಖುಷಿಪಡ್ತೀವಿ. ಆದ್ರೆ ಅದೇ ಕಾರಣಕ್ಕೆ ಬಟ್ಟೆ, ಕಾಗದಕ್ಕೆ ಕಟ್ಟಿದ ತೆರಿಗೆ ಪ್ರಕಾಶಕನಿಗೆ ವಾಪಸ್ ಸಿಗಲ್ಲ, ಪುಸ್ತಕದ ಬೆಲೆಗೇ ಸೇರುತ್ತೆ.

ನನ್ನ ಪ್ರಕಾರ 5903ರ ಕೆಳಗೆ ನಮ್ಮದೇ ಎರಡಂಕಿ ಬಳಸಿ ಪುಸ್ತಕದ ಬಟ್ಟೆಗೊಂದು ಸಾಲು ತೆರೀಬೇಕು, ದರ 5901ಕ್ಕೆ ಇರೋದೇ ಇರಲಿ. ಆ ಆರಂಕಿ ಮುಟ್ಟೋ ಹಾಗಿಲ್ಲ ನಿಜ, ಮುಟ್ಟೋದೂ ಬೇಡ. "ಪುಸ್ತಕ ಅಂತ ಹೇಳಿ ಸೋಫಾ ರೆಕ್ಸಿನ್ ತರಿಸಿದ್ರೆ?" ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ಅದಕ್ಕೇ ಬಳಕೆ ನೋಡದೆ, ಚದರ ಮೀಟರಿನ ತೂಕ, ದಪ್ಪ ನೋಡಿ ಬೇರೆ ಮಾಡಲಿ. ಸೋಫಾಗೆ ಹಾಕೋ ರೆಕ್ಸಿನ್ನನ್ನ ರಟ್ಟಿನ ಅಂಚಿಗೆ ಮಡಿಸಿ ನೋಡಿ, ಗೊತ್ತಾಗುತ್ತೆ.

ಅಲ್ಲೀವರೆಗೂ ತರಿಸೋರಿಗೆ ಒಂದು ದಾರಿ ಇದೆ. ಮುಂಬೈ, ದೆಹಲಿಯಲ್ಲಿ ಕಸ್ಟಮ್ಸ್ ಮುಂಗಡ ತೀರ್ಪಿನ ಪ್ರಾಧಿಕಾರಗಳಿವೆ, ಸರಕು ಬರೋಕೆ ಮುಂಚೆನೇ ನಂಬರ್ ಕೇಳಬಹುದು. ತೀರ್ಪು ಕೇಳಿದವರಿಗೆ ಮಾತ್ರ ಅನ್ವಯ, ಪಕ್ಕದ ಅಂಗಡಿಯವರು ತಮ್ಮ ಅರ್ಜಿ ತಾವೇ ಹಾಕ್ಬೇಕು. ಲೇಪನ ಯಾವ ರಾಸಾಯನಿಕದ್ದು, ಒಂದು ಕಡೆಯೋ ಎರಡೂ ಕಡೆಯೋ ಅಂತ ಮಾರುವವನಿಂದ ಮೊದಲೇ ಬರೆಸಿಕೊಳ್ಳಿ.