ಸ್ವಂತ ಹಾಡಿಗೆ ಟಿಕೆಟ್ ಕೊಳ್ಳುವುದೇ ದಾವಣಗೆರೆ?

ದಾವಣಗೆರೆ: ‘ಬ್ಯಾಂಡ್’ ಎಂದರೆ ಈ ಊರಿನ ಹಿರಿಯರಿಗೆ ಮದುವೆ ಮೆರವಣಿಗೆಯ ಮುಂದೆ ಟ್ರಂಪೆಟ್, ಡ್ರಮ್ಮು ಹಿಡಿದು ಸಮವಸ್ತ್ರದಲ್ಲಿ ಸಾಗುವ ಬ್ಯಾಂಡ್‌ಸೆಟ್ಟು. ಪೊಲೀಸ್ ಇಲಾಖೆಯ ಕಡತಗಳಲ್ಲಿ ಅದರ ಅರ್ಥ ಬೇರೆ. ಅದು ಬೆಂಗಳೂರಿನ ‘ಲೈವ್ ಬ್ಯಾಂಡ್’ ಬಾರುಗಳಿಂದ ಬಂದದ್ದು. ನಾಲ್ಕೈದು ಯುವಕ ಯುವತಿಯರು ಕೂಡಿ, ತಾವೇ ಬರೆದ ಸಾಹಿತ್ಯಕ್ಕೆ ತಾವೇ ರಾಗ ಹಾಕಿ, ಗಿಟಾರು, ಡ್ರಮ್ಸು, ಕೀಬೋರ್ಡುಗಳೊಂದಿಗೆ ತಾವೇ ಹಾಡುವ ತಂಡವೆಂಬ ಮೂರನೆಯ ಅರ್ಥ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಸಿನಿಮಾದ ಹಂಗಿಲ್ಲದ ಇಂತಹ ಸ್ವತಂತ್ರ ತಂಡಗಳಿಗೆ ದಾವಣಗೆರೆ–ಹರಿಹರ ಅವಳಿ ನಗರಗಳಲ್ಲಿ ಜಾಗವಿದೆಯೇ ಎಂಬ ಪ್ರಶ್ನೆಯನ್ನು ಪ್ರತಿ ಹಬ್ಬದ ಹಂಗಾಮಿಗೆ ಮುನ್ನವೂ ಕೇಳಿಕೊಳ್ಳಬೇಕಾಗಿದೆ.

ವೇದಿಕೆಗಳಿಗೇನೂ ಕೊರತೆಯಿಲ್ಲ. ಗಣೇಶ ಚತುರ್ಥಿಯಿಂದ ಆರಂಭಿಸಿ ರಾಜ್ಯೋತ್ಸವದ ತಿಂಗಳು ಮುಗಿಯುವ ತನಕ ದೇವರಾಜ ಅರಸು ಬಡಾವಣೆಯಿಂದ ಹಳೇ ಪೇಟೆಯವರೆಗೆ ಶಾಮಿಯಾನಗಳು ಏಳುತ್ತಲೇ ಇರುತ್ತವೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ಜಾತ್ರೆಯ ಸಂಭ್ರಮ ಬೇರೆಯೇ. ಈ ಎಲ್ಲ ವೇದಿಕೆಗಳ ಮೇಲೂ ನಡೆಯುವುದು ಮಾತ್ರ ಬಹುತೇಕ ಒಂದೇ: ರಸಮಂಜರಿ. ಬೆಂಗಳೂರಿನಿಂದ ಬಂದ, ಟಿ.ವಿ. ಸ್ಪರ್ಧೆಗಳಲ್ಲಿ ಹೆಸರು ಮಾಡಿದ ಗಾಯಕರು, ಜೊತೆಗೆ ಒಬ್ಬ ಹಾಸ್ಯ ಕಲಾವಿದರು, ನಡುವೆ ಗಣ್ಯರ ಸನ್ಮಾನ, ಹಾಡುವುದೆಲ್ಲ ಚಿತ್ರಗೀತೆ. ಮೊದಲು ಈ ಕಾರ್ಯಕ್ರಮಗಳಲ್ಲಿ ಸ್ಥಳೀಯ ವಾದ್ಯಗೋಷ್ಠಿಯ ಗಿಟಾರು, ಡ್ರಮ್ಸು ವಾದಕರಿಗಾದರೂ ನಾಲ್ಕು ಕಾಸು ಸಿಗುತ್ತಿತ್ತು. ಈಗ ಕರೋಕೆ ಟ್ರ್ಯಾಕು ಬಂದು ಅವರ ಕುರ್ಚಿಯನ್ನೂ ಕಿತ್ತುಕೊಂಡಿದೆ.

ರಸಮಂಜರಿಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ದುಡಿದು ದಣಿದ ಜನ ರಾತ್ರಿ ಕುಳಿತು ರಾಜ್‌ಕುಮಾರ್ ಅವರ ಹಾಡನ್ನು ಮತ್ತೊಮ್ಮೆ ಕೇಳಬಯಸಿದರೆ ಅದರಲ್ಲಿ ತಪ್ಪೇನಿದೆ? ಆದರೆ ರಸಮಂಜರಿಯ ಆರ್ಥಿಕತೆಯನ್ನು ಗಮನಿಸಬೇಕು. ಅಲ್ಲಿ ಕೇಳುಗ ಹಣ ಕೊಡುವುದಿಲ್ಲ. ಕೊಡುವವರು ಸಮಿತಿಯ ದಾನಿಗಳು, ರಾಜಕಾರಣಿಗಳು, ನಿವೇಶನ ಮಾರುವವರು. ಹಣ ಕೊಟ್ಟವರಿಗೆ ಬೇಕಾದದ್ದು ಜನಸಂದಣಿ. ಜನ ಸೇರಬೇಕಾದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಹಾಡೇ ಆಗಬೇಕು. ಯಾರೂ ಕೇಳದಿದ್ದ ಹಾಡು ಇಂತಹ ವೇದಿಕೆ ಹತ್ತುವುದಾದರೂ ಹೇಗೆ?

ಷರೀಫರು ಗ್ಲಾಸ್ಟನ್‌ಬರಿಗೆ ಹೋದದ್ದು

ಕನ್ನಡದಲ್ಲಿ ಸ್ವತಂತ್ರ ತಂಡಗಳು ಇಲ್ಲವೆಂದಲ್ಲ. ಇವೆ, ಮತ್ತು ಗಟ್ಟಿಯಾಗಿಯೇ ಇವೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಂ 2008ರಲ್ಲಿ ಹೊರಬಂದಾಗ ಅದರಲ್ಲಿ ಶಿಶುನಾಳ ಷರೀಫರ ತತ್ವಪದವೂ ಇತ್ತು. ಆ ತಂಡ 2010ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಉದಯೋನ್ಮುಖ ಕಲಾವಿದ ಪ್ರಶಸ್ತಿ ಪಡೆಯಿತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಪಾಲ್ಗೊಂಡಿತು. ವಾಸು ದೀಕ್ಷಿತ್ ಮುಂದಾಳತ್ವದ ‘ಸ್ವರಾತ್ಮ’ ತಂಡ 2009ರಲ್ಲಿ ಮೊದಲ ಆಲ್ಬಂ ತಂದು, ಕುದುರೆ ಕುಣಿತದ ವೇಷದೊಂದಿಗೆ ಊರೂರು ಸುತ್ತಿತು. ಕರ್ನಾಟಕ ಸಂಗೀತವನ್ನು ರಾಕ್ ಶೈಲಿಗೆ ಒಗ್ಗಿಸಿಕೊಂಡ ‘ಅಗಮ್’ ಕೂಡ ಬೆಂಗಳೂರಿನದೇ.

ಷರೀಫರು ಹುಟ್ಟಿ ಬದುಕಿದ ಶಿಶುನಾಳ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹಳ್ಳಿ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆಯೇ. ಆ ನೆಲದ ಪದ ಗಿಟಾರಿನ ಬೆನ್ನೇರಿ ಇಂಗ್ಲೆಂಡಿಗೆ ಹೋಗಿಬಂದಿತು. ಅದೇ ಹಾದಿಯಲ್ಲಿ ಹೊಸ ಪದ ಕಟ್ಟಬಲ್ಲ ದಾವಣಗೆರೆಯ ಹುಡುಗನಿಗೆ ಮಾತ್ರ ತನ್ನ ಊರಿನಲ್ಲಿ ಒಂದು ಸಂಜೆಯ ವೇದಿಕೆ ಸಿಗುವುದು ದುರ್ಲಭ. ಕೊನೆಗೆ ಅವನು ಹಿಡಿಯುವುದು ಬೆಂಗಳೂರಿನ ಬಸ್ಸು, ಇಲ್ಲವೇ ಮನೆಯವರು ತೋರಿಸಿದ ನೌಕರಿ.

ಇನ್ನೊಂದು ಉದಾಹರಣೆ ಇದಕ್ಕಿಂತ ಹತ್ತಿರದ್ದು. ಉತ್ತರ ಕರ್ನಾಟಕದ ‘ಯೂಟ್ಯೂಬ್ ಜಾನಪದ’ ಎಂದು ಕರೆಯಲಾಗುವ ಹಾಡುಗಳನ್ನು ಶಿಷ್ಟರು ಮೂಗು ಮುರಿದು ನೋಡುತ್ತಾರೆ. ಆದರೆ ಮಾಳು ನಿಪನಾಳ ಅವರಂತಹ ಗಾಯಕರು ಯಾವ ಚಿತ್ರ ನಿರ್ಮಾಪಕನನ್ನೂ, ಯಾವ ಅಕಾಡೆಮಿಯನ್ನೂ ಕಾಯದೆ ಟ್ರ್ಯಾಕ್ಟರು, ಟಂಟಂ, ಜಾತ್ರೆಗಳ ತುಂಬ ತಮ್ಮ ಹಾಡುಗಳನ್ನು ಹಬ್ಬಿಸಿದರು. ಸಾಹಿತ್ಯದ ಗುಣದ ಬಗ್ಗೆ ನಮಗೂ ತಕರಾರುಗಳಿವೆ. ಆದರೂ ಸ್ವತಂತ್ರ ಸಂಗೀತ ಎಂಬ ಮಾತಿಗೆ ಈ ನಾಡಿನಲ್ಲಿ ಅತ್ಯಂತ ನಿಜವಾದ ಅರ್ಥ ಕೊಟ್ಟವರು ಅವರೇ ಎಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಟಿಕೆಟ್ ಕೊಂಡ ಊರು

ದಾವಣಗೆರೆಯವರಿಗೆ ಹಣ ಕೊಟ್ಟು ಹಾಡು ಕೇಳುವ ಅಭ್ಯಾಸವಿಲ್ಲ ಎಂಬ ಮಾತನ್ನು ಸಂಘಟಕರು ಪದೇ ಪದೇ ಆಡುತ್ತಾರೆ. ಈ ಊರಿನ ಇತಿಹಾಸ ಅದನ್ನು ಸುಳ್ಳಾಗಿಸುತ್ತದೆ. ಚಿಂದೋಡಿ ವೀರಪ್ಪನವರ ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಮಂಡಳಿ, ಅಂದರೆ ಕೆ.ಬಿ.ಆರ್. ಡ್ರಾಮಾ ಕಂಪನಿ, ದಾವಣಗೆರೆಯದೇ. ಅವರ ಮಗಳು, 2010ರಲ್ಲಿ ತೀರಿಕೊಂಡ ಪದ್ಮಶ್ರೀ ಚಿಂದೋಡಿ ಲೀಲಾ ಅವರು ಆ ಕಂಪನಿಯನ್ನು ನಾಡಿನುದ್ದಕ್ಕೂ ನಡೆಸಿದರು.

ಕಂಪನಿ ಎಂದರೆ ಏನಾಗಿತ್ತು? ತನ್ನದೇ ಕವಿ, ತನ್ನದೇ ಹಾರ್ಮೋನಿಯಂ ಮಾಸ್ತರು, ತನ್ನದೇ ತಬಲಾ, ತನ್ನದೇ ಹಾಡುಗಾರ ನಟರು. ಹೊಸ ನಾಟಕಕ್ಕೆ ಹೊಸ ಮಟ್ಟು. ಒಂದೂರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು, ಗೇಟಿನಲ್ಲಿ ಟಿಕೆಟ್ಟು. ಗೇಟಿನ ಗಳಿಕೆ ಕುಸಿದರೆ ಗಂಟುಮೂಟೆ ಕಟ್ಟಿ ಮುಂದಿನ ಊರು. ಬಾಲ್ಕನಿಯೋ ನೆಲವೋ, ಜನ ದುಡ್ಡು ಕೊಟ್ಟೇ ಒಳಗೆ ಹೋಗುತ್ತಿದ್ದರು. ಅಲ್ಲಿ ಮೊದಲ ಬಾರಿ ಕೇಳಿದ ಹಾಡನ್ನು ಗುನುಗುತ್ತ ಮನೆಗೆ ಮರಳುತ್ತಿದ್ದರು. ಇಂದಿನ ಸ್ವತಂತ್ರ ಬ್ಯಾಂಡು ಮಾಡಬಯಸುವುದು ಇದನ್ನೇ. ಕಾಲು ಹಾರ್ಮೋನಿಯಂ ಹೋಗಿ ಕೀಬೋರ್ಡು ಬಂದಿದೆ, ಅಷ್ಟೆ.

ಕಂಪನಿ ನಾಟಕದ ನೆನಪನ್ನು ಉಳಿಸಲೆಂದು ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಹೆಸರಿನಲ್ಲಿ ವೃತ್ತಿ ರಂಗಭೂಮಿ ರಂಗಾಯಣವನ್ನು ಸರ್ಕಾರ ಸ್ಥಾಪಿಸಿದೆ. ಸ್ವಾಗತಾರ್ಹವೇ. ಆದರೆ ಕಂಪನಿಗಳಿಂದ ಉಳಿಸಿಕೊಳ್ಳಬೇಕಾದದ್ದು ಪರದೆ, ಸೀನರಿಗಳಷ್ಟೇ ಅಲ್ಲ. ಟಿಕೆಟ್ ಮಾರಿ ಬದುಕುವ ಆ ಛಲವೂ ಹೌದು.

ಕಾನೂನು ಮತ್ತು ಕೊಠಡಿ

ತಂಡ ಕಟ್ಟುವವರಿಗೆ ಮೊದಲ ತೊಡಕು ಅಭ್ಯಾಸದ ಜಾಗ. ದೇವರಾಜ ಅರಸು ಬಡಾವಣೆಯಂತಹ ವಸತಿ ಪ್ರದೇಶದಲ್ಲಿ ಮನೆಗಳು ಒತ್ತೊತ್ತಾಗಿವೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45. ಡ್ರಮ್ಸಿನ ಬಳಿ ನಿಂತರೆ ಅದು 100ರ ಆಸುಪಾಸಿಗೆ ಏರುತ್ತದೆ. ಮಹಡಿಯ ಕೋಣೆಯಲ್ಲಿ ತಾಲೀಮು ಆರಂಭಿಸಿದ ಹುಡುಗರ ಮೇಲೆ ನೆರೆಯವರು ದೂರಿದರೆ ಅವರನ್ನು ರಸಿಕತೆಯಿಲ್ಲದವರೆಂದು ಜರೆಯಲಾಗದು. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಹೃದ್ರೋಗಿಗಳಿರುತ್ತಾರೆ.

ಆದರೆ ಅದೇ ನಿಯಮದಲ್ಲಿ ದಾರಿಯೂ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕಿರುವ ನಿಷೇಧ ಸಭಾಂಗಣ, ಸಮುದಾಯ ಭವನಗಳಂತಹ ಮುಚ್ಚಿದ ಕಟ್ಟಡಗಳ ಒಳಗಿನ ಬಳಕೆಗೆ ಅನ್ವಯಿಸುವುದಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ರಿಯಾಯಿತಿ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಸುಪ್ರೀಂ ಕೋರ್ಟ್ 2005ರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ನಮ್ಮಲ್ಲಿ ಬಯಲಿನ ಭಾರಿ ಡಿ.ಜೆ. ಮೆರವಣಿಗೆಗೆ ಹೇಗೋ ಅನುಮತಿ ದೊರೆಯುತ್ತದೆ. ಸಭಾಂಗಣದೊಳಗೆ ನೂರೈವತ್ತು ಜನ ಕುಳಿತು ಕೇಳುವ ಕಛೇರಿಗೆ ಮಾತ್ರ ಹತ್ತು ಪ್ರಶ್ನೆ. ಇದೆಂತಹ ನ್ಯಾಯ?

ಪ್ರಶ್ನೆಗಳಿಗೆ ಮೂಲ ಮೇಲೆ ಹೇಳಿದ ಪದದಲ್ಲೇ ಇದೆ. ಬೆಂಗಳೂರು ನಗರಕ್ಕಾಗಿ 2005ರಲ್ಲಿ ಹೊರಡಿಸಿದ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶವು ‘ಲೈವ್ ಬ್ಯಾಂಡ್’ ಅನ್ನು ಕ್ಯಾಬರೆ, ಡಿಸ್ಕೋತೆಕ್‌ಗಳ ಜೊತೆ ಒಂದೇ ಸಾಲಿನಲ್ಲಿ ಕೂರಿಸಿತು. 2008ರಲ್ಲಿ ಪಬ್‌ಗಳಲ್ಲಿ ನೇರ ಸಂಗೀತಕ್ಕೆ ಪೊಲೀಸರು ತಡೆಯೊಡ್ಡಿದಾಗ ಬೆಂಗಳೂರಿನ ಸಂಗೀತಗಾರರು ಬೀದಿಗಿಳಿದು ಪ್ರತಿಭಟಿಸಿದರು. ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಆ ಆದೇಶವನ್ನು ಎತ್ತಿಹಿಡಿಯಿತು. ಆದೇಶ ಬೆಂಗಳೂರಿಗಷ್ಟೇ ಸೀಮಿತ. ಆದರೆ ಪದಕ್ಕೆ ಅಂಟಿದ ಕಳಂಕ ರಾಜ್ಯದ ಉದ್ದಗಲಕ್ಕೂ ಹರಡಿತು. ಬ್ಯಾಂಡ್ ಎಂದೊಡನೆ ಬಾರನ್ನು ನೆನೆಯುವ ಅಧಿಕಾರಿಗಳೂ ಇದ್ದಾರೆ, ಹೆತ್ತವರೂ ಇದ್ದಾರೆ. ಹೆಣ್ಣುಮಕ್ಕಳು ಇಂತಹ ತಂಡ ಸೇರುವುದಕ್ಕೆ ಇದೇ ದೊಡ್ಡ ಅಡ್ಡಿ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಮೃತಪಟ್ಟ ಬಳಿಕ ಜನಸಂದಣಿ ನಿಯಂತ್ರಣದ ಮಸೂದೆಯನ್ನು ರಾಜ್ಯ ಸರ್ಕಾರ ಅದೇ ವರ್ಷ ವಿಧಾನಸಭೆಯಲ್ಲಿ ಮಂಡಿಸಿತು. ಲಕ್ಷಾಂತರ ಜನ ಸೇರುವ ಸಮಾರಂಭಗಳಿಗೆ ಬಿಗಿ ಅಗತ್ಯವೇ. ಆ ಬಿಗಿಯ ಭಾರ ನೂರೈವತ್ತು ಕುರ್ಚಿಗಳ ಸಭಾಂಗಣದ ಮೇಲೆ ಬೀಳದಂತೆ ನೋಡಿಕೊಳ್ಳುವ ವಿವೇಕ ಜಿಲ್ಲಾಡಳಿತಗಳಿಗಿರಬೇಕು.

ಸರ್ಕಾರದ ನೆರವಿನ ಕಥೆ ಚಿಕ್ಕದು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಗುರುತಿಸುವ ಪ್ರಕಾರಗಳು ಕರ್ನಾಟಕ ಸಂಗೀತ, ಹಿಂದೂಸ್ತಾನಿ, ನೃತ್ಯ, ಸುಗಮ ಸಂಗೀತ, ಕಥಾಕೀರ್ತನ, ಗಮಕ. ಜಾನಪದಕ್ಕೆ ಬೇರೆ ಅಕಾಡೆಮಿಯಿದೆ. ಬ್ಯಾಂಡು ಇವುಗಳಲ್ಲಿ ಯಾವ ಮನೆಗೂ ಸೇರದ ಕೂಸು. ಸುಗಮ ಸಂಗೀತವೂ ಒಂದು ಕಾಲಕ್ಕೆ ಹೀಗೆಯೇ ಇತ್ತು. ಶಾಸ್ತ್ರೀಯದವರು ಅದನ್ನು ಹಗುರವೆಂದರು, ಸಿನಿಮಾದವರು ಭಾರವೆಂದರು. 2005ರಲ್ಲಿ ಸಿ. ಅಶ್ವತ್ಥ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದಾಗ ಸೇರಿದ ಜನಸಾಗರ ಕಂಡ ಮೇಲೆ ಅಂತಹ ಮಾತು ಕೇಳಿಬರಲಿಲ್ಲ.

ಲೆಕ್ಕ ಕೂಡುವುದೇ?

ಕಾಗದದ ಮೇಲೆ ಒಂದು ಲೆಕ್ಕ ಹಾಕೋಣ. 150 ಕುರ್ಚಿ, ತಲಾ 200 ರೂಪಾಯಿ ಟಿಕೆಟ್ಟು. ಎಲ್ಲವೂ ಮಾರಾಟವಾದರೆ 30,000 ರೂಪಾಯಿ. ಸಂಗೀತ ಕಾರ್ಯಕ್ರಮದ 500 ರೂಪಾಯಿವರೆಗಿನ ಪ್ರವೇಶ ಶುಲ್ಕಕ್ಕೆ 2018ರಿಂದ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ ಅದರಲ್ಲಿ ಕಡಿತವಿಲ್ಲ. ತಮ್ಮದೇ ಹಾಡು ಹಾಡುವ ತಂಡ, ಹಕ್ಕನ್ನು ಬೇರೆಯವರಿಗೆ ಬರೆದುಕೊಡದಿದ್ದಲ್ಲಿ, ಹಾಡಿನ ಪರವಾನಗಿಗೆಂದು ಯಾರಿಗೂ ಹಣ ತೆರಬೇಕಿಲ್ಲ. ಹಣ ಪಡೆದು ಚಿತ್ರಗೀತೆ ಹಾಡಿಸುವವರಿಗೆ ಈ ಅನುಕೂಲವಿಲ್ಲ. ಸಭಾಂಗಣದ ಬಾಡಿಗೆ, ಧ್ವನಿ ವ್ಯವಸ್ಥೆ, ವ್ಯಾನಿನ ಡೀಸೆಲ್, ಐವರ ಊಟ ವಸತಿ ಕಳೆದರೆ ಉಳಿಯುವುದು ಅಲ್ಪವೇ. ಒಂದೇ ಊರಿನ ಒಂದೇ ಸಂಜೆಗೆ ಬೆಂಗಳೂರಿನಿಂದ ಬರುವ ತಂಡಕ್ಕೆ ಇದು ಗಿಟ್ಟದು.

ಆದರೆ ಭೂಪಟ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಬೆಂಗಳೂರಿನಿಂದ ದಾವಣಗೆರೆ ಸುಮಾರು 260 ಕಿ.ಮೀ., ಇಲ್ಲಿಂದ ಹುಬ್ಬಳ್ಳಿ 145. ಬೆಂಗಳೂರಿನ ತಂಡಗಳು ಹುಬ್ಬಳ್ಳಿ–ಧಾರವಾಡಕ್ಕೋ ಪುಣೆಗೋ ಹೋಗುವಾಗ ನಮ್ಮ ಊರಿನ ಪಕ್ಕದ ಹೆದ್ದಾರಿಯಲ್ಲೇ ಹಾದುಹೋಗುತ್ತವೆ; ಬೆಣ್ಣೆದೋಸೆಗೆ ನಿಲ್ಲುತ್ತವೆ, ಹಾಡಲು ನಿಲ್ಲುವುದಿಲ್ಲ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿಗಳಲ್ಲಿ ಒಂದೊಂದು ಸಂಜೆಯೆಂದು ಸಾಲು ಕಟ್ಟಿದರೆ ಪ್ರಯಾಣದ ವೆಚ್ಚ ಐದು ಪಾಲಾಗುತ್ತದೆ. ಪ್ರತಿ ಊರಿನಲ್ಲೂ ಆ ಊರಿನದೇ ಒಂದು ತಂಡ ಮೊದಲ ಅರ್ಧ ಗಂಟೆ ಹಾಡಬೇಕೆಂಬ ಕರಾರು ಹಾಕಿದರೆ ಸ್ಥಳೀಯರಿಗೆ ಸಿದ್ಧ ಶ್ರೋತೃಗಳೂ ದೊರೆಯುತ್ತಾರೆ.

ಇದು ಕನಸಿನ ಮಾತಲ್ಲ. ಹೆಗ್ಗೋಡಿನ ನೀನಾಸಂ 1985ರಿಂದ ‘ತಿರುಗಾಟ’ ನಡೆಸಿಕೊಂಡು ಬಂದಿದೆ. ನೆರೆಯ ಸಾಣೇಹಳ್ಳಿಯ ಶಿವಕುಮಾರ ಕಲಾಸಂಘದ ‘ಶಿವಸಂಚಾರ’ 1997ರಿಂದ ಊರೂರು ಅಲೆಯುತ್ತಿದೆ. ಇವುಗಳ ಬೆನ್ನಿಗೆ ಇರುವುದು ಪ್ರತಿ ಊರಿನಲ್ಲೂ ಹೊಣೆ ಹೊರುವ ನಾಲ್ಕೈದು ಜನರ ಸ್ಥಳೀಯ ಬಳಗ. ಮನೆ ಮನೆಗೆ ಹೋಗಿ ಟಿಕೆಟ್ ಮಾರುವವರು, ಕಲಾವಿದರಿಗೆ ಊಟ ಹಾಕುವವರು ಅವರು. ಸಂಗೀತ ತಂಡಗಳಿಗೆ ಈ ಬಳಗ ನಮ್ಮಲ್ಲಿ ಹುಟ್ಟಿಕೊಂಡಿಲ್ಲ, ಕೊರತೆಯಿರುವುದು ಇಲ್ಲಿಯೇ.

2011ರ ಜನಗಣತಿಯಲ್ಲೇ 4 ಲಕ್ಷ ಮೀರಿದ ಜನಸಂಖ್ಯೆ, ಒಂದು ವಿಶ್ವವಿದ್ಯಾನಿಲಯ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು, 1964ರಿಂದ ನಡೆದು ಬಂದಿರುವ ದೃಶ್ಯಕಲಾ ಮಹಾವಿದ್ಯಾಲಯ: ಇಷ್ಟೆಲ್ಲ ಇರುವ ಊರಿನಲ್ಲಿ ತಿಂಗಳಿಗೊಮ್ಮೆ ನೂರೈವತ್ತು ಕೇಳುಗರು ಸಿಗುವುದಿಲ್ಲವೆಂದರೆ ನಂಬುವುದು ಕಷ್ಟ. ಕಾಲೇಜುಗಳ ವಾರ್ಷಿಕೋತ್ಸವಗಳಿಗೆ ವಿದ್ಯಾರ್ಥಿಗಳಿಂದ ಸಂಗ್ರಹಿಸುವ ಹಣದಲ್ಲಿ ಒಂದು ಪಾಲು ಹೊರಗಿನ ತಾರೆಯರ ಬದಲು ಜಿಲ್ಲೆಯ ತಂಡಗಳಿಗೆ ಹೋಗಲಿ. ವಿದ್ಯಾನಗರದ ಕುವೆಂಪು ಕನ್ನಡ ಭವನದಂತಹ ಸಭಾಂಗಣಗಳು ವಾರದ ನಡುವಿನ ಖಾಲಿ ಸಂಜೆಗಳನ್ನು ಕಡಿಮೆ ಬಾಡಿಗೆಗೆ ಬಿಟ್ಟುಕೊಡಲಿ. ಅರಸು ಬಡಾವಣೆಯ ಗಣೇಶೋತ್ಸವ ಸಮಿತಿಗಳಿಗೂ ಒಂದು ಕೋರಿಕೆ: ನಡೆಸುವ ಅಷ್ಟೂ ರಾತ್ರಿಗಳಲ್ಲಿ ಒಂದನ್ನು, ಬೇಕಿದ್ದರೆ ಜನ ಕಡಿಮೆ ಸೇರುವ ಮಂಗಳವಾರದ್ದನ್ನೇ, ಜಿಲ್ಲೆಯ ಹುಡುಗ ಹುಡುಗಿಯರ ಸ್ವಂತ ಹಾಡುಗಳಿಗೆ ಮೀಸಲಿಡಬಾರದೇಕೆ? ಹತ್ತು ಗಂಟೆಗೆ ಮೈಕು ಆರಿಸುವ ಷರತ್ತಿನ ಮೇಲೆ.